ಯಾವ ವೇಷಕ್ಕೆ ಎದ್ದು ಕೂರಬೇಕು

ತನಗೆ ಪ್ರಿಯವಾದ ಪುಸ್ತಕವೊಂದನ್ನು ಇನ್ನೊಬ್ಬರ ಕೈಯಲ್ಲಿಟ್ಟು, ಓದಲೇಬೇಕೆಂದು ಒತ್ತಾಯಪಡಿಸುವವನ ಮನಸ್ಸಿನಲ್ಲಿ ಔದಾರ್ಯವೂ ಅಹಂಕಾರವೂ ಬೇರ್ಪಡಿಸಲಾರದಂತೆ ಬೆರೆತಿರುತ್ತವೆ. ಉಂಡ ರುಚಿಯನ್ನು ಒಬ್ಬನೇ ಉಂಡು ಮುಗಿಸಲಾರದ ಸ್ವಭಾವವು ಔದಾರ್ಯವಾದರೆ, ತನ್ನ ಅಭಿರುಚಿಯ ಮೇಲೆ ಮತ್ತೊಬ್ಬರ ಸಮ್ಮತಿಯ ಮುದ್ರೆ ಬೀಳಲೆಂಬ ಒಳ ಹಂಬಲವು ಅಹಂಕಾರವೆನ್ನಬೇಕು. ಚಲನಚಿತ್ರದ ವಿಷಯದಲ್ಲಿಯೂ ಈ ಮಾತು ಅನ್ವಯಿಸುತ್ತದೆ. 'ಬಹಳ ಚೆನ್ನಾಗಿದೆ, ನೋಡದೆ ಬಿಡಬೇಡಿ' ಎಂದು ಹೇಳುವವರು ಹೇಳಿ ಹೋಗುತ್ತಾರೆ. ಆದರೆ ಏತರಿಂದ ಚೆನ್ನಾಗಿದೆಯೆಂಬುದು ಹೇಳಿದವರ ಎದೆಯಲ್ಲಿಯೇ ಉಳಿದು, ಕೇಳಿದವರ ಪಾಲಿಗೆ ಒಂದು ಕರ್ತವ್ಯದ ಭಾರವಷ್ಟೇ ಬರುತ್ತದೆ. ಹೊತ್ತ ಭಾರವನ್ನು ಯಾರಾದರೂ ಸಂತೋಷದಿಂದ ಓದಿಯಾರೆ?

ನಮ್ಮ ಸೀಮೆಯಲ್ಲಿ ಈ ತೊಡಕಿಗೆ ಇನ್ನೊಂದು ಸೇರಿಕೊಂಡಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳೆಂಬ ಈ ಮೂರು ತಾಲ್ಲೂಕುಗಳಷ್ಟು ಕಿರಿದಾದ ಕರಾವಳಿಯ ಪಟ್ಟಿಯಲ್ಲಿ ಕೋಟದಲ್ಲಿ 1902ರಲ್ಲಿ ಶಿವರಾಮ ಕಾರಂತರೂ, ಮೊಗೇರಿಯಲ್ಲಿ 1918ರಲ್ಲಿ ಗೋಪಾಲಕೃಷ್ಣ ಅಡಿಗರೂ, ಕುಂದಾಪುರದಲ್ಲಿ 1945ರಲ್ಲಿ ವೈದೇಹಿಯವರೂ ಹುಟ್ಟಿದರು. ಇತ್ತೀಚೆಗೆ ಕೆರಾಡಿಯ ರಿಷಬ್ ಶೆಟ್ಟರೂ ಬಸ್ರೂರಿನ ಸಂಗೀತಗಾರ ರವಿಯವರೂ ಚಿತ್ರರಂಗದಲ್ಲಿ ದೇಶವೇ ತಿರುಗಿ ನೋಡುವಂತೆ ಮಾಡಿದರು. ಇಂತಹ ಭಾಗ್ಯವುಳ್ಳ ಊರಿನವರು ಪರಸ್ಥಳದವರಿಗೆ ಪುಸ್ತಕವನ್ನೋ ಚಿತ್ರವನ್ನೋ ಸೂಚಿಸುವಾಗ ಕೊಡುವ ಕಾರಣ ಬಹುಮಟ್ಟಿಗೆ ಒಂದೇ: 'ಅವರು ನಮ್ಮ ಬದಿಯವರು.' ಈ ಅಭಿಮಾನವನ್ನು ನಾನು ಹಳಿಯಲಾರೆ. ಅದು ನನ್ನಲ್ಲಿಯೂ ಬೇಕಾದಷ್ಟಿದೆ. ಆದರೆ ರಾಯಚೂರಿನಿಂದಲೋ ಮಡಿಕೇರಿಯಿಂದಲೋ ಬ್ಯಾಂಕಿನ ವರ್ಗಾವಣೆಯ ಮೇಲೆ ಕುಂದಾಪುರಕ್ಕೆ ಬಂದಿಳಿದ ಸದ್ಗೃಹಸ್ಥರೊಬ್ಬರು, ಕೋಟವು ಕಾರಂತರ ಜನ್ಮಸ್ಥಳವಾದ ಮಾತ್ರಕ್ಕೆ ಅವರ ದೊಡ್ಡ ಕಾದಂಬರಿಯೊಂದನ್ನು ಏಕೆ ಓದಬೇಕು? ಜನ್ಮಸ್ಥಳವು ನಾಮಫಲಕಕ್ಕೆ ಸಾಕಾಗುವ ಕಾರಣ. ಓದಿಗೆ ಬೇರೆಯದೇ ಬೇಕು.

ವಿಚಿತ್ರವೆಂದರೆ, ಸೂಚಿಸುವ ಕಲೆಯನ್ನು ಅತ್ಯಂತ ಚೆನ್ನಾಗಿ ಬಲ್ಲವರು ನಮ್ಮ ನಡುವೆಯೇ ಇದ್ದಾರೆ, ಮತ್ತು ಅವರಲ್ಲಿ ಅನೇಕರು ಪುಸ್ತಕದ ಗೋಜಿಗೆ ಹೋದವರಲ್ಲ. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಅಮೃತೇಶ್ವರಿ ಮೇಳಗಳ ಆಟ ಎಲ್ಲಿ, ಪ್ರಸಂಗ ಯಾವುದು, ವೇಷ ಯಾರದೆಂಬ ವಾರ್ತೆ ಬೆಳಗಿನ ಚಹದ ಗ್ಲಾಸಿನ ಜೊತೆಗೇ ಅಂಗಡಿಯಿಂದ ಅಂಗಡಿಗೆ ಹರಿಯುತ್ತದೆ. ಬ್ರಹ್ಮಾವರದ ಬಸ್ಸು ನಿಲ್ದಾಣದ ಬಳಿ ಹಿರಿಯರೊಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದ ಮಾತನ್ನು ಕೇಳಿದ್ದೇನೆ: "ಹ್ವಾಯ್, ಪೂರಾ ಆಟ ಕಾಂಬುದ್ ಬ್ಯಾಡ ಮಾರಾಯ್ರೆ. ಊಟ ಮಾಡಿ, ಒಂದ್ ನಿದ್ರಿ ತೆಗ್ದ್ ಬನ್ನಿ. ಆ ಕಿರಾತನ ಒಡ್ಡೋಲಗ ಒಂದ್ ಕಂಡ್ ಹೋದ್ರೆ ಸಾಕ್." ಹಾಗೆ ಹೇಳುತ್ತ ಅವರು ತಲೆಯ ಮೇಲಿನ ಬೈರಾಸನ್ನು ಎಳೆದು ಸೊಂಟಕ್ಕೆ ಸುತ್ತಿ, ಚಹದ ಗ್ಲಾಸನ್ನು ಎಡಗೈಯಲ್ಲಿಯೇ ಹಿಡಿದು, ಬಲಗಾಲಿನಿಂದ ನೆಲಕ್ಕೆ ಎರಡು ಪೆಟ್ಟು ಹಾಕಿದರು, ಗ್ಲಾಸಿನಿಂದ ಒಂದು ತೊಟ್ಟೂ ಚೆಲ್ಲಲಿಲ್ಲ. ಕೇಳಿದವರು ರಾತ್ರಿ ಹೋಗಿದ್ದಾರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಮಾತಿನ ಮರ್ಮವನ್ನು ವಿಚಾರ ಮಾಡಿ ನೋಡಬೇಕು. ಪ್ರಸಂಗದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಅರ್ಜುನನು ತಪಸ್ಸಿಗೆ ಕುಳಿತದ್ದೂ ಶಿವನು ಬೇಡನಾಗಿ ಬಂದದ್ದೂ ಯಾರಿಗೂ ಹೊಸ ಸುದ್ದಿಯಲ್ಲ. ಆದುದರಿಂದ ಆಟವನ್ನು ಮೆಚ್ಚಿದವನು ಕಥೆಯನ್ನು ಹೊಗಳುವಂತಿಲ್ಲ, ಕವಿಯ ಊರನ್ನು ಹೇಳಿ ಪ್ರಯೋಜನವಿಲ್ಲ; ಯಾವ ಗಳಿಗೆಗೆ, ಯಾವ ಪ್ರವೇಶಕ್ಕೆ, ಯಾವ ಭಾಗವತರ ಯಾವ ಪದ್ಯದ ಎತ್ತುಗಡೆಗೆ ನಿದ್ದೆಗಣ್ಣನ್ನು ಒರೆಸಿಕೊಂಡು ಎದ್ದು ಕೂರಬೇಕೆಂಬುದನ್ನೇ ಅವನು ಖಚಿತವಾಗಿ ಹೇಳಬೇಕಾಗುತ್ತದೆ. ಹಾರಾಡಿ ರಾಮ ಗಾಣಿಗರ ವೇಷವನ್ನು ಕಂಡ ಹಿಂದಿನ ತಲೆಮಾರಿನವರೂ, 1990ರ ಅಪಘಾತದಲ್ಲಿ ಅಕಾಲದಲ್ಲಿ ಅಗಲಿದ ಗುಂಡ್ಮಿ ಕಾಳಿಂಗ ನಾವಡರ ಕಂಠವನ್ನು ಕೇಳಿದವರೂ ಇಂದಿಗೂ ಅವುಗಳನ್ನು ವರ್ಣಿಸುವುದು ಹೀಗೆಯೇ: ಒಂದು ಗತ್ತು, ಒಂದು ತಿರುಗು, ಒಂದು ಏರುಶ್ರುತಿ. ಪುಸ್ತಕವನ್ನು ಸೂಚಿಸುವ ನಾವು ಅಕ್ಷರಸ್ಥರು ಈ ಪಾಠವನ್ನು ಅವರಿಂದ ಕಲಿಯಲಿಲ್ಲ. 'ಮಹತ್ತರ ಕೃತಿ', 'ಕಾಡುವ ಚಿತ್ರ' ಎಂಬ ಸವೆದ ನಾಣ್ಯಗಳನ್ನೇ ಚಲಾಯಿಸುತ್ತ ಕುಳಿತಿದ್ದೇವೆ.

1941ರಲ್ಲಿ ಪ್ರಕಟವಾದ ಕಾರಂತರ 'ಮರಳಿ ಮಣ್ಣಿಗೆ'ಯನ್ನೇ ತೆಗೆದುಕೊಳ್ಳಿ. ಮೂರು ತಲೆಮಾರುಗಳ ಕಥೆ, ಕರಾವಳಿಯ ಜೀವನದ ಮಹಾಚಿತ್ರ ಎಂದು ಹೇಳಿದರೆ ಮಾತು ಸುಳ್ಳಲ್ಲ, ಆದರೆ ಅದನ್ನು ಕೇಳಿ ಯಾರ ಕೈಯೂ ಪುಸ್ತಕದತ್ತ ಚಾಚುವುದಿಲ್ಲ. ಅದರ ಬದಲು, ಕೋಡಿಯ ಆ ಮನೆಯಲ್ಲಿ ಪಾರ್ವತಿ ಮತ್ತು ಸರಸ್ವತಿಯೆಂಬ ಅತ್ತಿಗೆ ನಾದಿನಿಯರಿಬ್ಬರು ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹೇಗೆ ಹಿಡಿದು ದಡಕ್ಕೆ ತರುತ್ತಾರೆಂಬುದನ್ನು ಓದಿರೆಂದು ಹೇಳಿ ನೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಉಪ್ಪುಗಾಳಿಗೆ ಒಡ್ಡಿಕೊಂಡ ನೆಲ. ಅಲ್ಲಿ ಬದುಕಬೇಕಾದ ಹೆಂಗಸರಿಗೆ ಒಲೆಯ ಸೌದೆಯೂ ಹೋರಾಡಿ ಗೆಲ್ಲತಕ್ಕ ವಸ್ತು. ರಾಮ ಐತಾಳರ ಮಗ ಲಚ್ಚನು ಪೇಟೆಯ ಇಂಗ್ಲಿಷ್ ವಿದ್ಯೆ ಕಲಿತು ಮನೆಯನ್ನು ಕರಗಿಸುವಾಗ ನಮಗೆ ಉಂಟಾಗುವ ಸಂಕಟವು, ಕರಗುತ್ತಿರುವುದು ಯಾರ ಬೆವರೆಂಬುದನ್ನು ಈ ಮೊದಲ ಭಾಗಗಳಲ್ಲಿ ಕಣ್ಣಾರೆ ಕಂಡವರಿಗೆ ಮಾತ್ರ ಪೂರ್ಣವಾಗಿ ತಟ್ಟೀತು. ಪಿಟೀಲು ನುಡಿಸುವ ಸೊಸೆ ನಾಗವೇಣಿಯನ್ನು ನಾನು ಎಂದೂ ಮುಂಚಿತವಾಗಿ ಪರಿಚಯ ಮಾಡಿಸುವುದಿಲ್ಲ. ಅವಳನ್ನು ಓದುಗನು ತಾನಾಗಿ ಎದುರುಗೊಳ್ಳುವುದೇ ಯೋಗ್ಯ.

ಒಂದು ಭಾಗವನ್ನು ಎತ್ತಿ ತೋರಿಸುವ ಈ ಕ್ರಮಕ್ಕೂ ಅಪಾಯವಿಲ್ಲವೆಂದಲ್ಲ. 'ಕಾಂತಾರ' ಚಿತ್ರವು 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ತೆರೆಗೆ ಬಂದು, ನೋಡಿದವರ ಬಾಯಿಮಾತಿನ ಬಲದಿಂದಲೇ ಎರಡು ವಾರಗಳಲ್ಲಿ ಹಿಂದಿಯೇ ಮೊದಲಾದ ಇತರ ಭಾಷೆಗಳಿಗೆ ಹಬ್ಬಿತು. ಶಿಫಾರಸಿನ ಶಕ್ತಿಗೆ ನಮ್ಮ ಕಾಲದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಬಾಯಿಂದ ಬಾಯಿಗೆ ಹೋದದ್ದು ಕೊನೆಯ ಭಾಗದ ದೈವಾವೇಶವೊಂದೇ. 'ಕೊನೆ ಕಾಣಿ, ಮೈ ನಡುಗ್ತ್' ಎಂದು ಕೇಳಿಕೊಂಡು ಹೋದವರು ಮೊದಲ ಎರಡು ಗಂಟೆಯನ್ನು ಬಸ್ಸಿಗಾಗಿ ಕಾಯುವವರಂತೆ ಕಳೆದರು. ಆ ಎರಡು ಗಂಟೆಯಲ್ಲಿಯೇ ಅಲ್ಲವೆ, ಕಾಡಿನ ಅಂಚಿನ ಜನಕ್ಕೂ ಅರಣ್ಯ ಇಲಾಖೆಗೂ ನಡೆಯುವ ಜಗಳವೂ, ಅಚ್ಯುತ್ ಕುಮಾರರು ಅಭಿನಯಿಸಿದ ಸವಿಮಾತಿನ ಧನಿಯು ಪೂರ್ವಿಕರು ಕೊಟ್ಟ ನೆಲವನ್ನು ಹಿಂದಕ್ಕೆ ಪಡೆಯಲು ಹೂಡುವ ಉಪಾಯವೂ ಇರುವುದು? ಆದುದರಿಂದ ನಾನು ಈ ಚಿತ್ರವನ್ನು ಹೇಳುವಾಗ ಕೊನೆಯ ಸುದ್ದಿಯನ್ನೇ ಎತ್ತದೆ, ಆ ಧನಿಯ ನಗೆಯನ್ನು ಗಮನಿಸಿರೆನ್ನುತ್ತೇನೆ. ಒಳ್ಳೆಯ ಸೂಚನೆಯು ಬಾಗಿಲನ್ನು ತೋರಬೇಕಲ್ಲದೆ ಗರ್ಭಗುಡಿಯ ಪರದೆಯನ್ನು ತಾನೇ ಸರಿಸಬಾರದು.

ಪುಸ್ತಕವೂ ಚಿತ್ರವೂ ಒಂದೇ ಬೇರಿನಿಂದ ಬಂದಿರುವಲ್ಲಿ, ಯಾವುದು ಮೊದಲೆಂಬ ಪ್ರಶ್ನೆ ಏಳುತ್ತದೆ. ವೈದೇಹಿಯವರ ಕಥೆಯಲ್ಲಿ 'ಗುಲಾಬಿ ಟಾಕೀಸು' ಎಂಬುದು ಸಣ್ಣ ಊರೊಂದಕ್ಕೆ ಬಂದ ಚಿತ್ರಮಂದಿರದ ಹೆಸರು. ಹೆಂಗಸರ ಬದುಕಿನಲ್ಲಿ ಅದು ಎಬ್ಬಿಸುವ ಸಣ್ಣ ಸಣ್ಣ ಅಲೆಗಳೇ ಕಥೆ. ಗಿರೀಶ್ ಕಾಸರವಳ್ಳಿಯವರ 2008ರ ಚಿತ್ರದಲ್ಲಿ ಗುಲಾಬಿಯು ಸಿನಿಮಾದ ಹುಚ್ಚುಳ್ಳ ಸೂಲಗಿತ್ತಿ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಅವಳ ಮನೆಗೆ ಟಿ.ವಿ. ಬರುತ್ತದೆ, ಕಾಲವು ತೊಂಬತ್ತರ ದಶಕದ ಕೊನೆಗೆ ಸರಿದು, ಮೀನುಗಾರರ ಕೇರಿಯ ಮೇಲೆ ಮತಭೇದದ ನೆರಳು ಬೀಳುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರವನ್ನು ಮೊದಲು ಕಂಡವರು ಕಥೆಯ ಲಘುಹಾಸ್ಯವನ್ನು ಅದರ ಗುಣಕ್ಕೆ ತಕ್ಕಂತೆ ಸವಿಯಲಾರರು. ಆದ್ದರಿಂದ ಕಥೆಯೇ ಮೊದಲಾಗಲಿ ಎಂಬುದು ನನ್ನ ಪಕ್ಷ. ಇದನ್ನು ಒಪ್ಪದ ಸ್ನೇಹಿತರು ನನಗಿದ್ದಾರೆ, ವಾದವಿನ್ನೂ ಮುಗಿದಿಲ್ಲ.

ಅಡಿಗರ ವಿಷಯದಲ್ಲಿ ಮಾತ್ರ ನಾನು ಚಿತ್ರವನ್ನೇ ಮುಂದಿಡುತ್ತೇನೆ. 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಬಳಕೆಯಾದ ಅವರ ಗೀತೆಯನ್ನು ಕವಿಯ ಹೆಸರೇ ಅರಿಯದೆ ಗುನುಗುವವರು ಸಹಸ್ರಾರು ಮಂದಿ; ಅಂತಹವರಿಗೆ ಇದೇ ಕವಿಯು ಮುಂದೆ 1959ರಲ್ಲಿ 'ಭೂಮಿಗೀತ'ವನ್ನು ಪ್ರಕಟಿಸಿದರೆಂದೂ, ಆ ಇಂಪಿನ ದಾರಿಯನ್ನು ತಾವೇ ಬಿಟ್ಟು ಕಲ್ಲುಮುಳ್ಳಿನ ದಾರಿ ಹಿಡಿದರೆಂದೂ ಹೇಳಿದರೆ, ಏಕೆ ಬಿಟ್ಟರೆಂಬ ಕುತೂಹಲವೇ ಅವರನ್ನು ಕರೆದೊಯ್ಯುತ್ತದೆ.

ಇಷ್ಟರಿಂದ, ಯಾರಿಗೆ ಯಾವುದು ಜೀರ್ಣವಾದೀತೆಂದು ನಾವೇ ತೂಗಿ ಅಳೆದು ಕೊಡಬೇಕೆಂಬ ತೀರ್ಮಾನಕ್ಕೆ ಯಾರೂ ಬರಬಾರದು. ಕೊಲ್ಲೂರಿನ ಘಾಟಿಯನ್ನೇರಿ ಆಚೆಗೆ ಹೋದರೆ ಸಾಗರದ ಬಳಿ ಸಿಕ್ಕುವ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ನೀನಾಸಂನ ಚಿತ್ರಸಮಾಜದ ಮೂಲಕ ಸತ್ಯಜಿತ್ ರಾಯರ ಚಿತ್ರಗಳನ್ನೂ ಪರದೇಶದ ಶ್ರೇಷ್ಠ ಚಿತ್ರಗಳನ್ನೂ ಅಡಿಕೆ ತೋಟದ ಜನರ ಮುಂದಿಟ್ಟಾಗ, ಹಳ್ಳಿಯವರಿಗೆ ಇದು ನಿಲುಕದೆಂದು ಮೊದಲೇ ತೀರ್ಪು ಕೊಡಲಿಲ್ಲ. ಜನ ಬಂದರು, ನೋಡಿದರು, ತಮಗೆ ತೋರಿದ್ದನ್ನು ಆಡಿದರು. ಸೂಚಿಸುವವನಿಗೆ ಇರಬೇಕಾದದ್ದು ಈ ವಿಶ್ವಾಸ.

ಅದರ ಜೊತೆಗೆ ಒಂದು ಸಹನೆಯೂ ಬೇಕು. ಪುಸ್ತಕವನ್ನು ಕೊಟ್ಟವನು ವಾರಕ್ಕೊಮ್ಮೆ 'ಎಲ್ಲಿಗೆ ಬಂತು' ಎಂದು ಕೇಳುವುದು ಸಾಲಗಾರನ ಮನೆಬಾಗಿಲಿಗೆ ನಡೆದಷ್ಟೇ ಅಸಭ್ಯ. ಮಳೆಗಾಲ ಕಳೆದು ಪುಸ್ತಕ ಮರಳಿದಾಗ, ಹಾಳೆಗಳ ನಡುವೆ ಉಳಿದ ಬಸ್ಸಿನ ಟಿಕೇಟೊಂದು ಓದು ಎಲ್ಲಿಗೆ ನಿಂತಿತೆಂಬುದನ್ನು ತಾನೇ ಹೇಳುತ್ತದೆ. ಆ ಟಿಕೇಟನ್ನು ಕಂಡೂ ಕಾಣದಂತೆ ತೆಗೆದಿಡುವುದು ಸ್ನೇಹಧರ್ಮ.

ಇದಕ್ಕಿಂತ ಕಠಿಣವಾದ ಧರ್ಮವೊಂದಿದೆ: ಬೇರೆಯವರು ಸೂಚಿಸಿದ್ದನ್ನು ತಾನೂ ಸ್ವೀಕರಿಸುವುದು. ಊರಿಗೆಲ್ಲ ಪುಸ್ತಕ ಹೇಳುವ ನಮ್ಮಂತಹವರು, ಎಳೆಯರು ಏನನ್ನಾದರೂ ಹೇಳಿದರೆ ಮುಗುಳ್ನಕ್ಕು ಸುಮ್ಮನಾಗುತ್ತೇವೆ. ನೆರೆಮನೆಯ ಹುಡುಗನೊಬ್ಬ, ಕಾಲೇಜಿಗೆ ಹೋಗುವವನು, ನಮ್ಮ ಕುಂದಗನ್ನಡದಲ್ಲಿಯೇ ಮಾತಾಡುವ ಚಿತ್ರವೊಂದನ್ನು ನನಗೆ ಹೇಳಿ, ಮದುವೆ ಮನೆಯ ದೃಶ್ಯ ಬರುವವರೆಗಾದರೂ ತಾಳ್ಮೆಯಿಂದ ಕೂರಬೇಕೆಂದು ಕರಾರು ಹಾಕಿದ. ಕುಳಿತೆ. ದೃಶ್ಯವು ಅವನು ಹೇಳಿದಂತೆಯೇ ಸೊಗಸಾಗಿತ್ತು. ಉಳಿದ ಹಾಸ್ಯದಲ್ಲಿ ಅರ್ಧ ನನಗೆ ರುಚಿಸಲಿಲ್ಲ, ಹಾಗೆಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ಎಳ್ಳಷ್ಟೂ ಬೇಸರಿಸದೆ, "ಅಡ್ಡಿಲ್ಲೆ ಮಾವಯ್ಯ, ಇದ್ ಬಿಡಿ" ಎಂದು ಇನ್ನೊಂದರ ಹೆಸರು ಹೇಳಿ ಹೋದ.