ಪುಟ ತೆರೆದರೆ ಓಟ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ವಿದ್ಯಾರ್ಥಿಗಳು ಕೂಡಿದೆಡೆ ಪುಸ್ತಕ ಕ್ರಿಕೆಟ್ಟಿನ ಮಾತು ಬಾರದಿರದು. ಪಠ್ಯಪುಸ್ತಕವನ್ನು ಥಟ್ಟನೆ ತೆರೆಯುವುದು. ಎಡಪುಟದ ಸಂಖ್ಯೆಯ ಕೊನೆಯ ಅಂಕಿಯೇ ಓಟ, ಸೊನ್ನೆ ಬಂದರೆ ಔಟು. ಎಡಪುಟ ಸದಾ ಸಮಸಂಖ್ಯೆಯಾದುದರಿಂದ ಒಂದು, ಮೂರುಗಳಿಗೆ ಅಲ್ಲಿ ಎಡೆಯಿಲ್ಲ.

ಅಮೆರಿಕದಲ್ಲಿ 1961ರಲ್ಲಿ ಹೊರಬಂದ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಕಾರ್ಡು-ದಾಳಗಳ ಬೇಸ್‌ಬಾಲ್ ಆಟದಲ್ಲಿ ಆಟಗಾರನ ನೈಜ ಸಾಧನೆಯೇ ಅವನ ಕಾರ್ಡನ್ನು ನಿರ್ಧರಿಸುತ್ತದೆ. ಪಠ್ಯಪುಸ್ತಕಕ್ಕೆ ಆ ತಾರತಮ್ಯವಿರಲಿಲ್ಲ. 58 ಟೆಸ್ಟುಗಳಲ್ಲಿ 242 ವಿಕೆಟ್ ಕಿತ್ತು, 167 ಓಟಗಳನ್ನಷ್ಟೇ ಗಳಿಸಿದ ಬಿ.ಎಸ್. ಚಂದ್ರಶೇಖರರೂ ಇಲ್ಲಿ ಜಿ.ಆರ್. ವಿಶ್ವನಾಥರಿಗಿಂತ ಮೊದಲೇ ಶತಕ ಬಾರಿಸಬಹುದಿತ್ತು!

ಇದನ್ನು ಕಾಲಹರಣವೆಂದು ಬೆತ್ತವೆತ್ತಿದ ಅಧ್ಯಾಪಕರ ನಿಲುವು ಒಪ್ಪತಕ್ಕದ್ದಲ್ಲ. ತನ್ನ ಸೊನ್ನೆಯನ್ನು ತಾನೇ ಬರೆದುಕೊಳ್ಳುತ್ತಿದ್ದ ಹುಡುಗ, ಯಾರ ಕಾವಲೂ ಇಲ್ಲದೆ ಲೆಕ್ಕವನ್ನು ನೆಟ್ಟಗಿಡಲು ಕಲಿತ. ಪುಸ್ತಕದ ಬೆನ್ನು ಹರಿಯುತ್ತಿದ್ದುದು ಮಾತ್ರ ನಿಜ. ಅದಕ್ಕೆ ತುಸು ಗೋಂದು ಸಾಕಾಗುತ್ತಿತ್ತು.