ಮಿಷಿಗನ್ ಮಾರ್ಚ್‌ನಲ್ಲೇ ಹೇಳಿತ್ತು

ಅಮೆರಿಕದ ಅಧ್ಯಕ್ಷ ಚುನಾವಣೆ ಬಂದಾಗಲೆಲ್ಲ ನಮ್ಮ ಟಿವಿಗಳಲ್ಲೂ ಎರಡು ಮಾತು ಕೇಳಿಬರುತ್ತವೆ. ಆ ಪಕ್ಷದಲ್ಲಿ ಒಳಜಗಳ, ಸೋಲುತ್ತದೆ. ಸಮೀಕ್ಷೆಯಲ್ಲಿ ಈ ಅಭ್ಯರ್ಥಿ ಮುಂದೆ, ಗೆಲ್ಲುತ್ತಾರೆ. ಎರಡನ್ನೂ ಅಷ್ಟು ಸಲೀಸಾಗಿ ನಂಬಬಾರದು ಎನ್ನುವುದು ನಮ್ಮ ಅಭಿಪ್ರಾಯ. 2016ರಲ್ಲಿ ಮಿಷಿಗನ್ ರಾಜ್ಯದಲ್ಲಿ ಏನಾಯಿತು ಎಂದು ನೋಡಿದರೆ ಕಾರಣ ತಿಳಿಯುತ್ತದೆ.

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಹೈಕಮಾಂಡ್. ಅಲ್ಲಿ ಮತದಾರರು. ಚುನಾವಣಾ ವರ್ಷದ ಆರಂಭದಿಂದ ಜೂನ್‌ವರೆಗೆ ಒಂದೊಂದೇ ರಾಜ್ಯದಲ್ಲಿ ಇದಕ್ಕಾಗಿಯೇ ಮತದಾನ ನಡೆಯುತ್ತದೆ. ಇದನ್ನೇ ಪ್ರೈಮರಿ ಎನ್ನುತ್ತಾರೆ. ಒಂದೇ ಪಕ್ಷದವರು ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಬೈದಾಡುತ್ತಾರೆ. ಆಮೇಲೆ ನವೆಂಬರ್ ಚುನಾವಣೆಗೆ ಎಲ್ಲರೂ ಒಟ್ಟಾಗಿ ಮತ ಕೇಳಬೇಕು.

2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗೆ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವೆ ಪೈಪೋಟಿ. ಮಿಷಿಗನ್ ಪ್ರೈಮರಿಗೆ ಮುಂಚಿನ ಸಮೀಕ್ಷೆಗಳಲ್ಲಿ ಕ್ಲಿಂಟನ್ ಸರಾಸರಿ 20 ಶೇಕಡಾ ಅಂಶದಷ್ಟು ಮುಂದಿದ್ದರು. ಮಾರ್ಚ್ 8ರಂದು ಮತ ಎಣಿಸಿದರೆ ಗೆದ್ದವರು ಸ್ಯಾಂಡರ್ಸ್. ಏಪ್ರಿಲ್‌ನಲ್ಲಿ ಪಕ್ಕದ ವಿಸ್ಕಾನ್ಸಿನ್ ಕೂಡ ಅವರ ಪಾಲಾಯಿತು. ಮಿಷಿಗನ್ ಕಾರು ಕಾರ್ಖಾನೆಗಳ ಸೀಮೆ. ವಿದೇಶಗಳ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದಗಳಿಂದ ಕೆಲಸ ಹೋಯಿತು ಎಂಬ ಸಿಟ್ಟು ಅಲ್ಲಿ ಹಳೆಯದು. ಸ್ಯಾಂಡರ್ಸ್ ಆ ಸಿಟ್ಟಿಗೆ ಮಾತು ಕೊಟ್ಟರು. ಅತ್ತ ರಿಪಬ್ಲಿಕನ್ ಪಕ್ಷದಲ್ಲಿ ಟ್ರಂಪ್ ಕೂಡ ಅದನ್ನೇ ಹೇಳುತ್ತಿದ್ದರು.

ಕೊನೆಗೆ ಟಿಕೆಟ್ ಕ್ಲಿಂಟನ್‌ಗೇ ಸಿಕ್ಕಿತು. ಆ ಎರಡೂ ರಾಜ್ಯಗಳಲ್ಲಿ ಅವರೇ ಮುಂದೆ ಎಂದು ಸಮೀಕ್ಷೆಗಳು ಮತ್ತೆ ಹೇಳಿದವು. ಟಿಕೆಟ್ ಪಡೆದ ಮೇಲೆ ಅವರು ವಿಸ್ಕಾನ್ಸಿನ್‌ಗೆ ಪ್ರಚಾರಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಗೆದ್ದೇ ಗೆಲ್ಲುವ ಊರಿಗೆ ಯಾಕೆ ಹೋಗಬೇಕು? ನವೆಂಬರ್‌ನಲ್ಲಿ ಮಿಷಿಗನ್ ಕೈತಪ್ಪಿದ್ದು ಸುಮಾರು 10,700 ಮತಗಳಿಂದ, ವಿಸ್ಕಾನ್ಸಿನ್ 23 ಸಾವಿರಕ್ಕೂ ಕಡಿಮೆ ಮತಗಳಿಂದ. ದೇಶದಾದ್ಯಂತ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ಮತ ಪಡೆದ ಕ್ಲಿಂಟನ್ ಸೋತರು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಒಂದೇ ಮತ ಹೆಚ್ಚು ಬಂದರೂ ಆ ರಾಜ್ಯದ ಪೂರ್ತಿ ಲೆಕ್ಕ ಗೆದ್ದವರಿಗೇ ಹೋಗುತ್ತದೆ.

ಸಮೀಕ್ಷೆ ತಪ್ಪಿದ್ದೆಲ್ಲಿ? ಮಣ್ಣು ಪರೀಕ್ಷೆಗೆ ಹೊಲದ ಒಂದೇ ಮೂಲೆಯ ಮಣ್ಣು ಕೊಟ್ಟರೆ ವರದಿ ಹೇಗಿರುತ್ತದೆಂದು ನಿಮಗೆ ಗೊತ್ತು. ಕಾಲೇಜು ಓದಿದವರು ಸಮೀಕ್ಷೆಗೆ ಹೆಚ್ಚಾಗಿ ಉತ್ತರ ಕೊಡುತ್ತಾರೆ, ಮತ್ತು ಆ ವರ್ಷ ಅವರಲ್ಲಿ ಹೆಚ್ಚಿನವರು ಕ್ಲಿಂಟನ್ ಕಡೆಗಿದ್ದರು. ರಾಜ್ಯಮಟ್ಟದ ಅನೇಕ ಸಮೀಕ್ಷೆಗಳು ಈ ಏರುಪೇರನ್ನು ಸರಿಪಡಿಸಿಕೊಳ್ಳಲಿಲ್ಲ. ಕೊನೆಯ ವಾರದಲ್ಲಿ ಮನಸ್ಸು ಮಾಡಿದವರೂ ಬಹಳ ಮಂದಿ ಟ್ರಂಪ್ ಕಡೆ ವಾಲಿದರು. ಹಾಗೆಂದು ಸಮೀಕ್ಷೆಯೆಲ್ಲ ಸುಳ್ಳು ಎನ್ನುವಂತಿಲ್ಲ. ಇಡೀ ದೇಶದ ಸಮೀಕ್ಷೆಗಳು ವಾಸ್ತವಕ್ಕೆ ಹತ್ತಿರವೇ ಇದ್ದವು.

ಇನ್ನು ಒಳಜಗಳದ ಮಾತು. 2016ರಲ್ಲಿ ರಿಪಬ್ಲಿಕನ್ನರ ಜಗಳವೇನು ಕಡಿಮೆಯಿತ್ತೇ? 17 ಮಂದಿ ಟಿಕೆಟ್‌ಗೆ ಕಚ್ಚಾಡಿದ್ದರು, ಆದರೂ ಗೆದ್ದರು. 2008ರಲ್ಲಿ ಒಬಾಮಾ ಮತ್ತು ಇದೇ ಕ್ಲಿಂಟನ್ ಜೂನ್‌ವರೆಗೂ ಸೆಣಸಿದರು. ಆ ಪೈಪೋಟಿಯಿಂದಾಗಿ ಒಬಾಮಾ ಪಡೆ ಇಂಡಿಯಾನಾದಂಥ ರಾಜ್ಯದಲ್ಲೂ ಊರೂರು ತಿರುಗಿ ಜನರನ್ನು ಕಟ್ಟಬೇಕಾಯಿತು. 1964ರ ನಂತರ ಡೆಮಾಕ್ರಟಿಕ್ ಪಕ್ಷಕ್ಕೆ ಒಲಿಯದಿದ್ದ ಇಂಡಿಯಾನಾ ಆ ನವೆಂಬರ್‌ನಲ್ಲಿ ಒಲಿಯಿತು. (ಆ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳು ಕುಸಿದದ್ದೂ ನೆರವಾಯಿತು, ಅದನ್ನು ಮರೆಯಬಾರದು.) 1976ರಲ್ಲಿ ಫೋರ್ಡ್, 1980ರಲ್ಲಿ ಕಾರ್ಟರ್ ಸ್ವಂತ ಪಕ್ಷದವರ ಸವಾಲು ಎದುರಿಸಿ ಕೊನೆಗೆ ಸೋತದ್ದು ನಿಜ. ಆದರೆ ಕಾರ್ಟರ್ ಕಾಲದಲ್ಲಿ ಬೆಲೆ ಏರಿಕೆ ಜನರ ಬೆನ್ನು ಮುರಿದಿತ್ತು. ಕೆನಡಿ ಎದುರು ನಿಂತದ್ದರಿಂದಲೇ ಸೋತರು ಎಂದರೆ, ಥರ್ಮಾಮೀಟರ್ ಇಟ್ಟದ್ದರಿಂದಲೇ ಜ್ವರ ಬಂತು ಎಂದಂತೆ.

ಪ್ರೈಮರಿಯಲ್ಲಿ ಬಿರುಕು ಕಂಡರೆ ಅದು ಎಲ್ಲಿದೆ, ಯಾಕಿದೆ ಎಂದು ಕೇಳಬೇಕು. ಮಿಷಿಗನ್‌ನವರು ಎಂಟು ತಿಂಗಳು ಮುಂಚೆಯೇ ಮತಪೆಟ್ಟಿಗೆಯಲ್ಲಿ ಹೇಳಿದ್ದನ್ನು ಪಕ್ಷ ಬದಿಗಿಟ್ಟು, ಫೋನಿನಲ್ಲಿ ಕೆಲವೇ ಕೆಲವರು ಕೊಟ್ಟ ಉತ್ತರವನ್ನು ನಂಬಿತು.

2024ರಲ್ಲಿ ಒಳಜಗಳವೇ ಇರಲಿಲ್ಲ. ಬೈಡನ್‌ಗೆ ಪ್ರೈಮರಿಯಲ್ಲಿ ಹೇಳಿಕೊಳ್ಳುವಂಥ ಎದುರಾಳಿಯಿಲ್ಲ. ಅವರಿಗೆ ವಯಸ್ಸಾಯಿತು ಎಂದು ಸಮೀಕ್ಷೆಗಳಲ್ಲಿ ಜನ ಹೇಳುತ್ತಲೇ ಇದ್ದರು. ಫೆಬ್ರವರಿಯಲ್ಲಿ ಅದೇ ಮಿಷಿಗನ್‌ನ ಪ್ರೈಮರಿಯಲ್ಲಿ, ಗಾಜಾ ಯುದ್ಧದ ಸಿಟ್ಟಿನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಮಂದಿ 'ಯಾರಿಗೂ ಬದ್ಧರಲ್ಲ' ಎಂದು ಮತ ಹಾಕಿದರು, ಹೆಚ್ಚು ಕಡಿಮೆ ನಮ್ಮ ನೋಟಾದ ಹಾಗೆ. ಈ ಸಲ ಸಮೀಕ್ಷೆ, ಪ್ರೈಮರಿ ಎರಡರ ಮಾತೂ ಪಕ್ಷಕ್ಕೆ ಬೇಕಾಗಲಿಲ್ಲ. ಜೂನ್ ಚರ್ಚೆಯಲ್ಲಿ ಬೈಡನ್ ತಡವರಿಸಿದ ಮೇಲೆ, ಜುಲೈ 21ಕ್ಕೆ ಕಣದಿಂದ ಹಿಂದೆ ಸರಿದರು. ಕಮಲಾ ಹ್ಯಾರಿಸ್‌ಗೆ ಉಳಿದದ್ದು ನೂರು ಚಿಲ್ಲರೆ ದಿನ. ಬೆಲೆ ಏರಿಕೆಯ ಸಿಟ್ಟೂ ಸೇರಿ, ನವೆಂಬರ್‌ನಲ್ಲಿ ಮಿಷಿಗನ್, ವಿಸ್ಕಾನ್ಸಿನ್ ಎರಡೂ ಮತ್ತೆ ಟ್ರಂಪ್ ಪಾಲಾದವು.