ಐಪಿ ಸಿಕ್ಕಿದ್ರೆ ಕಳ್ಳ ಸಿಕ್ಕ ಹಾಗಾ? (ಭಾಗ 3)

ಪ್ರಾಜೆಕ್ಟ್ ಸರ್ವರ್ ಲಾಗ್‌ನಲ್ಲಿ ಸಾಲುಸಾಲಾಗಿ ‘ಫೇಲ್ಡ್ ಪಾಸ್‌ವರ್ಡ್’ ಕಂಡ ತಕ್ಷಣ ಆ ಐಪಿನ ಸ್ಟೋರಿಗೆ ಹಾಕಿ ‘ಹ್ಯಾಕರ್ ಸಿಕ್ಕಿಬಿದ್ದ’ ಅಂತ ಬರೀತೀರಲ್ಲ, ಸ್ವಲ್ಪ ನಿಲ್ಲಿ. ಅವನು ಬಂದ ದಾರಿ ಸಿಕ್ಕಿದೆ, ಅಷ್ಟೇ. ಆ ದಾರಿ ಯಾರ ಮನೆ ಹಿತ್ತಲೋ!

2016ರ ಮಿರಾಯ್ ದಾಳಿ ನೋಡಿ. ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟ ಕ್ಯಾಮೆರಾ, ರೌಟರ್‌ಗಳನ್ನೇ ಸೈನ್ಯ ಮಾಡ್ಕೊಂಡ್ರು. ಅಮೆರಿಕದ ಡೈನ್ ಕಂಪನಿ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಹಲವರಿಗೆ ಸಿಗಲಿಲ್ಲ. ಆ ಐಪಿಗಳ ಹಿಂದೆ ಇದ್ದವರಿಗೆ ತಮ್ಮ ಕ್ಯಾಮೆರಾ ಏನು ಮಾಡ್ತಿದೆ ಅನ್ನೋದೇ ಗೊತ್ತಿರಲಿಲ್ಲ. ನಮ್ಮ ಮೊಬೈಲ್ ಡೇಟಾದಲ್ಲಂತೂ ಒಂದೇ ಐಪಿವಿ4 ಅಡ್ರೆಸ್ಸನ್ನ ಎಷ್ಟೋ ಜನ ಹಂಚ್ಕೊಂಡಿರ್ತಾರೆ. (ನೀವೂ ಇರಬಹುದು.)

ಹಾಗಂತ ಬ್ಲಾಕ್ ಮಾಡಿ ಸುಮ್ನಾಗೋದೂ ತಪ್ಪೇ. ನಿಮ್ಮ ಬಾಗಿಲು ಬಿಟ್ಟು ಪಕ್ಕದವರ ಬಾಗಿಲು ಬಡೀತಾನೆ. ‘ಹೂಈಸ್’ನಲ್ಲಿ ಹುಡುಕಿ, ಆ ಐಪಿ ಯಾವ ಕಂಪನಿಯದು, ದೂರು ಯಾವ ಇಮೇಲ್‌ಗೆ ಅಂತ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಲಾಗ್ ಸಾಲು, ಸೆಕೆಂಡ್ ಸಮೇತ ಟೈಮು, ಟೈಮ್‌ಜೋನ್, ಪೋರ್ಟ್ ನಂಬರ್ ಹಾಕಿ ಕಳಿಸಿ. ಟೈಮೇ ಇಲ್ಲದ ಸ್ಕ್ರೀನ್‌ಶಾಟ್ ಇಟ್ಕೊಂಡು ಅವರು ಯಾರನ್ನ ಹುಡುಕ್ಬೇಕು? ಅಬ್ಯೂಸ್‌ಐಪಿಡಿಬಿಯಲ್ಲೂ ದಾಖಲಿಸಿ. ಒಳಗೆ ನುಗ್ಗೇಬಿಟ್ಟಿದ್ರೆ ಸರ್ಟ್-ಇನ್‌ಗೂ ತಿಳಿಸಿ.

ಆ ಸ್ಟೋರಿ ಮಾತ್ರ ಈಗಲೇ ಡಿಲೀಟ್ ಮಾಡಿ, ಪ್ಲೀಸ್.